ಎದುರುಮನೆಯ ಹಸಿರು ಗೇಟು

“ಮುಖ ಹಾಕಿಲ್ಲ. ಹೆಸರು ಹಾಕಿಲ್ಲ. ಕೈಬೆರಳು ಸಹ ಬೀಳದ ಹಾಗೆ ಫೋಟೋ ತೆಗ್ದಿದೀನಿ. ಇನ್ನೇನು ತಪ್ಪು ಮಾಡ್ದೆ ಅಂತ ನೀವೇ ಹೇಳಿ,” ಎಂದ ಲಾಂಡ್ರಿ ಮಾಲೀಕ.

ಎಕ್ಸ್‌ಚೇಂಜಮ್ಮನ ಕಣ್ಣು ಅಂಗಡಿಯ ಹಿಂಬದಿಯ ಕಿಟಕಿಯ ಕಡೆಗಿತ್ತು. ಕಿಟಕಿಯ ಕೆಳಗೆ ಒಂದು ತಗ್ಗು ಸ್ಟೂಲು, ಅದರ ಮೇಲೆ ತೆಳ್ಳಗಾದ ದಿಂಬು, ಪಕ್ಕದಲ್ಲಿ ದಾರದ ಡಬ್ಬಿ. ರಫೂ ಮಾಡುವವಳು ಕೂರುತ್ತಿದ್ದ ಜಾಗ ಅದು. ಹರಿದ ಬಟ್ಟೆಯಲ್ಲಿ ಎಳೆಗೆ ಎಳೆ ಹೆಣೆದು, ಹರಿದೇ ಇರಲಿಲ್ಲವೇನೋ ಎಂಬ ಹಾಗೆ ಮಾಡುವ ಕೈ ಅವಳದು. ಮಂಗಳವಾರದಿಂದ ಸ್ಟೂಲು ಖಾಲಿ.

ಮಂಗಳವಾರ ಅವಳ ಬಾಡಿಗೆ ಮನೆಗೆ ಒಂದು ಲಕೋಟೆ ಬಂದಿತ್ತು. ಒಳಗೆ ಕಾಗದವಿಲ್ಲ, ಬೆದರಿಕೆಯಿಲ್ಲ. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿ ಒಂದೇ. ಐದು ತಿಂಗಳ ಹಿಂದೆ, ಕೈ ಮಾಡುವ ಗಂಡನ ಮನೆಯಿಂದ ಮಗಳನ್ನು ಕರೆದುಕೊಂಡು ಉಟ್ಟ ಬಟ್ಟೆಯಲ್ಲಿ ಓಡಿ ಬಂದಾಗ, ಅವಳು ಅಲ್ಲೇ ಬಿಟ್ಟು ಬಂದಿದ್ದ ಟೋಪಿ.

ಠಾಣೆಯಲ್ಲಿ, ಹಿತ್ತಾಳೆ ಟೋಪಿ ಕಳಿಸುವುದು ಯಾವ ಅಪರಾಧ ಎಂದು ಕೇಳಿ ಕಳಿಸಿದ್ದರು. ವಕೀಲರು ಮಾತ್ರ ಒಂದು ದಾರಿ ಹೇಳಿದ್ದರು. ಅವನು ಹೇಗೆ ಹುಡುಕಿಕೊಂಡು ಬಂದ ಎಂಬುದು ಪುರಾವೆ ಸಮೇತ ಸಿಕ್ಕರೆ, ಅವಳ ಹತ್ತಿರ ಸುಳಿಯದ ಹಾಗೆ ಕೋರ್ಟಿನಿಂದ ತಡೆ ತರಬಹುದು. ಆಗ ಓಡಬೇಕಾಗಿಲ್ಲ. ಸಿಗದಿದ್ದರೆ ಇವತ್ತು ಸಂಜೆ ಆರರ ಬಸ್ಸಿಗೆ ಎರಡು ಟಿಕೆಟ್ಟು ಸಿದ್ಧವಾಗಿವೆ. ಎಲ್ಲಿಗೆ ಎಂದು ಎಕ್ಸ್‌ಚೇಂಜಮ್ಮನಿಗೂ ಹೇಳುವುದಿಲ್ಲ ಎಂದಿದ್ದಳು ರಫೂವಿನವಳು.

ಈಗ ಮಧ್ಯಾಹ್ನ ಒಂದೂವರೆ.

“ತಪ್ಪು ಅಂತ ನಾನು ಅಂದ್ನಾ? ಫೋನ್ ತೋರಿಸಿ ಅಂದೆ, ಅಷ್ಟೆ,” ಎಂದಳು ಎಕ್ಸ್‌ಚೇಂಜಮ್ಮ.

ಆಕೆಯ ನಿಜವಾದ ಹೆಸರು ಪಿಂಚಣಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತನ್ನೆಲ್ಲ ಈ ಕಿವಿಯಿಂದ ಆ ಕಿವಿಗೆ ದಾಟಿಸಿದವಳು. ಯಾರ ಸಂಸಾರ ಮುರಿಯಿತು, ಯಾರದು ಮುರಿದದ್ದು ಕೂಡಿತು, ಎಲ್ಲ ಆಕೆಯ ಕಿವಿಗೆ ಬಿದ್ದಿತ್ತು. ಒಂದೂ ಬಾಯಿಗೆ ಬಂದಿರಲಿಲ್ಲ. ಈಗಿನ ಅಳಿಯ ಮದುವೆಗೆ ಮೊದಲು ಮಗಳಿಗೆ ಕದ್ದುಮುಚ್ಚಿ ಮಾಡುತ್ತಿದ್ದ ಫೋನುಗಳನ್ನು ಜೋಡಿಸಿ ಕೊಟ್ಟವಳೂ ಆಕೆಯೇ. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತು, ಆ ಪಾಪದ ಮನುಷ್ಯನಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಇಂಥ ಬಾಯಿ ಇದ್ದವಳ ಹತ್ತಿರ ನಿವೃತ್ತಿಯ ಮೇಲೆ ಜನ ತಾವಾಗಿಯೇ ಕಷ್ಟ ಹೇಳಿಕೊಂಡು ಬರತೊಡಗಿದರು. ಹುಡುಕಬೇಕಾದವರೂ ಬಂದರು, ಅಡಗಬೇಕಾದವರೂ ಬಂದರು. ಪತ್ತೇದಾರಿಕೆ ಎಂಬ ದೊಡ್ಡ ಹೆಸರನ್ನು ಅದಕ್ಕೆ ಕೊಟ್ಟವನು ಅಳಿಯ.

ಮಾಲೀಕ ಕೌಂಟರಿನ ಮೇಲೆ ಫೋನಿಟ್ಟು ಆಕೆಯ ಕಡೆ ತಿರುಗಿಸಿದ. ಅಂಗಡಿಯ ಹೆಸರಿನಲ್ಲಿ ಒಂದು ಪುಟ, ಕೆಳಗೆ ಅಂಗಡಿಯ ವಿಳಾಸ. ಒಂದರ ಕೆಳಗೊಂದು ಫೋಟೋ. ಎಡಕ್ಕೆ ಹರಿದ ಕೋಟು, ಬಲಕ್ಕೆ ಅದೇ ಕೋಟು ರಫೂ ಆದ ಮೇಲೆ. ಎಡಕ್ಕೆ ಇಲಿ ಕಡಿದ ಶಾಲು, ಬಲಕ್ಕೆ ಇಲಿಯನ್ನೇ ಕಾಣದ ಶಾಲು.

ಎಕ್ಸ್‌ಚೇಂಜಮ್ಮ ಕನ್ನಡಕವಿಲ್ಲದೆ ನೋಡಿದಳು. ಎರಡೂ ಕಣ್ಣಿನ ಪೊರೆ ತೆಗೆಸಿ ಒಂದು ತಿಂಗಳಾಗಿತ್ತು. ಲೋಕವೆಲ್ಲ ತೊಳೆದು ಒಣಗಿಸಿಟ್ಟ ಹಾಗೆ ಕಾಣುತ್ತಿತ್ತು. ಬ್ಯಾಂಡೇಜು ಬಿಚ್ಚಿದ ದಿನ ಅಳಿಯನಿಗೆ “ಹೊಸ ಶರ್ಟು ಚೆನ್ನಾಗಿದೆ” ಎಂದು ಹೇಳಿ, ಅದು ಎರಡು ವರ್ಷದ ಹಳೆಯ ಶರ್ಟು ಎಂದು ಮಗಳ ಕೈಲಿ ನಗಿಸಿಕೊಂಡಿದ್ದಳು.

“ಇದೊಂದು ಯಾಕೆ ಬೇರೆ ಥರ ಇದೆ?”

ಬೆರಳು ನಿಂತದ್ದು ಒಂದು ಕಂದು ಕೋಟಿನ ಮೇಲೆ. ಕೋಟಿನ ಒಳಮೈ ಹೊರಗೆ ಮಾಡಿ, ಲೈನಿಂಗ್ ಬಟ್ಟೆ ಸರಿಸಿ, ರಫೂವಿನ ಹಿಂಬದಿಯನ್ನು ತೀರ ಹತ್ತಿರದಿಂದ ತೆಗೆದಿದ್ದ.

ಮಾಲೀಕನ ಮುಖ ಅರಳಿತು. “ಅದಾ? ಒಳ್ಳೇ ರಫೂಗೆ ಒಂದೇ ಕಷ್ಟ ನೋಡಿ ಅಮ್ಮ, ಮುಂದಿನಿಂದ ನೋಡಿದ್ರೆ ಏನೂ ಕಾಣಲ್ಲ. ಮೊದಲು ಫೋಟೋ ಹಾಕಿದಾಗ ಜನ ನನ್ನನ್ನ ಆಡ್ಕೊಂಡ್ರು. ಎರಡು ಬೇರೆ ಬೇರೆ ಕೋಟು ಇಟ್ಕೊಂಡು ಕಿವಿ ಮೇಲೆ ಹೂವ ಇಡ್ತಾನೆ ಅಂದ್ರು. ಆಗ ಇವರ್ಯಾರೋ ಬಂದು, ‘ಇದರ ಬೆನ್ನು ತೋರಿಸಿ ನೋಡೋಣ’ ಅಂತ ಬರೆದ್ರು. ತೋರಿಸ್ದೆ. ಎಲ್ಲರ ಬಾಯೂ ಮುಚ್ಚಿಹೋಯ್ತು.”

“ಯಾರಿವರು?”

“ಹಳೇಕೋಟು ಅಂತ ಹೆಸರಿಟ್ಕೊಂಡಿದಾರೆ. ತುಂಬ ತಿಳಿದೋರು ಅಮ್ಮ, ಬಟ್ಟೆ ವಿಷಯದಲ್ಲಿ.”

ಎಕ್ಸ್‌ಚೇಂಜಮ್ಮ ಕೆಳಗೆ ಸರಿಸುತ್ತ ಹೋದಳು. ಹಳೇಕೋಟಿಗೆ ಮುಖವಿರಲಿಲ್ಲ, ಊರಿರಲಿಲ್ಲ. ಏಳು ಕಡೆ ಬಂದಿದ್ದ. ಏಳು ಕಡೆಯೂ ಅದೇ ಮಾತು. ಇದರ ಬೆನ್ನು ತೋರಿಸಿ. ಇದರದ್ದೂ ಬೆನ್ನು ತೋರಿಸಿ. ಮಾಲೀಕ ಏಳು ಸಲವೂ ಖುಷಿಯಿಂದ ತೋರಿಸಿದ್ದ.

ಆಕೆಗೆ ರಫೂವಿನವಳು ಒಮ್ಮೆ ಹೇಳಿದ್ದ ಮಾತು ನೆನಪಾಯಿತು. ಬಟ್ಟೆಯ ಮುಂಭಾಗ ಗಿರಾಕಿದು ಅಮ್ಮ, ಬೆನ್ನು ನಂದು. ಮುಂದೆ ಎಲ್ಲರ ಕೆಲಸವೂ ಒಂದೇ ಥರ ಇರಬೇಕು. ಹಿಂದೆ ಮಾತ್ರ ಅವರವರ ಕೈ.

ಏಳು ಫೋಟೋಗಳನ್ನೂ ಆಕೆ ದೊಡ್ಡದು ಮಾಡಿ ನೋಡಿದಳು. ಏಳರಲ್ಲೂ ಕೊನೆಯ ಎಳೆಗೆ ಗಂಟಿರಲಿಲ್ಲ. ದಾರ ಮೂರು ಸಲ ಹಿಂದಕ್ಕೆ ಬಂದು, ಒಂದಕ್ಕಿಂತ ಒಂದು ಗಿಡ್ಡವಾಗಿ, ಪುಟ್ಟ ಮೆಟ್ಟಿಲ ಹಾಗೆ ನಿಂತಿತ್ತು. ಅವಳ ಗಂಡ ಕಟಿಂಗ್ ಮಾಸ್ಟರು. ಹನ್ನೊಂದು ವರ್ಷ ಒಂದೇ ಹೊಲಿಗೆ ಅಂಗಡಿಯಲ್ಲಿ, ಅವಳ ಎದುರು ಮೇಜಿನಲ್ಲಿ, ಎಡಗೈಲಿ ಕತ್ತರಿ ಹಿಡಿದು ನಿಂತವನು. ಈ ಮೆಟ್ಟಿಲನ್ನು ಅವನು ಕಣ್ಣುಮುಚ್ಚಿ ಬೆರಳಿನಲ್ಲೇ ಗುರುತು ಹಿಡಿಯುತ್ತಾನೆ.

“ಮಾಲೀಕರೇ,” ಎಂದಳು ಎಕ್ಸ್‌ಚೇಂಜಮ್ಮ. “ಮುಖ ಹಾಕ್ಲಿಲ್ಲ ನೀವು, ಸರಿ. ಅವಳ ಕೈ ಹಾಕಿದೀರಿ.”

ಮಾಲೀಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೈಯಲ್ಲಿದ್ದ ಹ್ಯಾಂಗರುಗಳನ್ನು ಒಂದೊಂದಾಗಿ ಕೌಂಟರಿನ ಮೇಲಿಟ್ಟ.

“ನಾನು… ಹೊಗಳಿದಾರೆ ಅಂತ ಅವರಿಗೆ ಓದಿ ಹೇಳ್ತಿದ್ದೆ ಅಮ್ಮ. ಫೋಟೋ ನೋಡ್ತೀರಾ ಅಂದ್ರೆ ಬೇಡ ಅಂತಿದ್ರು. ಫೋನ್ ಅಂದ್ರೆ ಅವರಿಗೆ ಭಯ. ಕ್ಯಾಮೆರಾ ತೂತಿಗೇ ಬಟ್ಟೆ ಚೂರು ಅಂಟಿಸಿಕೊಂಡಿದ್ರು. ಓದಿ ಹೇಳಿದಾಗ ಮಾತ್ರ ತಲೆ ಬಗ್ಗಿಸಿ ಒಂಚೂರು ನಗ್ತಿದ್ರು.”

“ಅದಿರಲಿ. ಹಳೇಕೋಟು ಕೊನೆಗೆ ಏನು ಕೇಳ್ದ?”

“ಏನೂ ಇಲ್ಲ.”

“ಎಲ್ಲರಿಗೂ ಕಾಣೋ ಜಾಗದಲ್ಲಿ ಕೇಳಿರಲ್ಲ. ನಿಮ್ಮೊಬ್ಬರನ್ನೇ ಕೇಳಿರ್ತಾನೆ.”

ಒಳಗೆ ಇಸ್ತ್ರಿಯ ಹಬೆ ಬುಸ್ಸೆಂದಿತು. ಮಾಲೀಕ ಹಾರಿಕೆಯ ಉತ್ತರಕ್ಕಾಗಿ ಅತ್ತಿತ್ತ ನೋಡಿದ. ಲೈನಿನ ಆ ಕಡೆ ಮಾತು ಬರುವ ತನಕ ಕಾಯುವುದು ಎಕ್ಸ್‌ಚೇಂಜಮ್ಮನಿಗೆ ಹೊಸದೇನಲ್ಲ.

“ಅವರ ತಂದೆ ಕೋಟಂತೆ,” ಎಂದ ಕೊನೆಗೆ. “ತೀರಿಹೋದ ತಂದೆದು. ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ, ಹೊಲಿಯೋರ ಜೊತೆ ಒಂದು ಮಾತಾಡಬೇಕು, ನಂಬರ್ ಕೊಡಿ ಅಂದ್ರು. ತಂದೆ ಕೋಟು ಅಂದ್ರೆ ಯಾರ ಕರುಳು ಚುರ್ ಅನ್ನಲ್ಲ ಹೇಳಿ.”

“ಕೊಟ್ರಿ.”

“ನಂಬರ್ ಒಂದೇ ಅಮ್ಮ. ಹೆಸರಲ್ಲ, ಏನಲ್ಲ. ಬರೀ ನಂಬರ್ ಅಷ್ಟೇ.”

“ಬರೀ ನಂಬರ್ ಅಂತ ನನ್ನ ಮುಂದೆ ಹೇಳ್ಬೇಡಿ,” ಎಕ್ಸ್‌ಚೇಂಜಮ್ಮನ ದನಿ ಏರಲಿಲ್ಲ, ಬಿಗಿಯಾಯಿತು. “ಮೂವತ್ತೊಂದು ವರ್ಷ ನಂಬರಿನ ಜೊತೆ ಬಾಳಿದೀನಿ. ಒಬ್ಬರದು ಇನ್ನೊಬ್ಬರಿಗೆ ಕೇಳದೆ ಕೊಟ್ಟವಳಲ್ಲ. ಕೇಳೋಕೆ ಎಷ್ಟು ಹೊತ್ತು ಹಿಡೀತಿತ್ತು ನಿಮಗೆ? ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ಲು ಅವಳು.”

ಮಾಲೀಕ ಆ ಖಾಲಿ ಸ್ಟೂಲಿನ ಕಡೆ ನೋಡಿದ. ಐವತ್ತು ದಾಟಿದ, ದಪ್ಪ ಮೀಸೆಯ ಆ ಮನುಷ್ಯನ ಕಣ್ಣು ತುಂಬಿಕೊಂಡಿತು. ಎಕ್ಸ್‌ಚೇಂಜಮ್ಮನಿಗೆ ಅಯ್ಯೋ ಎನ್ನಿಸಿತು. ಕೆಟ್ಟವನ ಮೇಲೆ ಸಿಟ್ಟು ಮಾಡುವುದು ಸುಲಭ. ಒಳ್ಳೆಯವನು ಒಳ್ಳೆಯ ಮನಸ್ಸಿನಿಂದ ಮಾಡಿಟ್ಟದ್ದಕ್ಕೆ ಏನು ಮಾಡುವುದು ಎಂದು ಆಕೆಗೆ ಯಾವತ್ತೂ ತಿಳಿದಿರಲಿಲ್ಲ.

“ಈಗಲೇ ಎಲ್ಲ ಅಳಿಸಿಬಿಡ್ತೀನಿ,” ಎಂದ ಅವನು.

“ಅವನು ಬರೆದಿದ್ದನ್ನೆಲ್ಲ ಮೊದಲು ಫೋಟೋ ಹಿಡಿದು ನನಗೆ ಕಳಿಸಿ, ವಕೀಲರಿಗೆ ಬೇಕು. ಆಮೇಲೆ ಅಳಿಸಿ.” ಎದ್ದು ನಿಂತವಳು ಬಾಗಿಲಲ್ಲಿ ತಿರುಗಿದಳು. “ಇನ್ನೊಂದು. ಅವಳ ಮನೆ ಗೇಟು ಯಾವ ಬಣ್ಣ?”

“ನಂಗೇನು ಗೊತ್ತು ಅಮ್ಮ? ಮನೆ ಎಲ್ಲಿ ಅಂತಾನೇ ಗೊತ್ತಿಲ್ಲ. ಕೇಳ್ಬೇಡಿ ಅಂದಿದ್ರು, ಕೇಳ್ಲಿಲ್ಲ.”

ಆಕೆ ಆ ಮಾತನ್ನು ನಂಬಿದಳು. ಆದರೆ ನಂಬಿದ್ದರಿಂದ ತೊಂದರೆ ಕಡಿಮೆಯಾಗಲಿಲ್ಲ.

*

ಏಕೆಂದರೆ ಲಕೋಟೆ ಬಂದದ್ದು ಅಂಗಡಿಗಲ್ಲ, ಮನೆಗೆ.

ದಾರಿಯುದ್ದಕ್ಕೂ ಎಕ್ಸ್‌ಚೇಂಜಮ್ಮನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಲಕೋಟೆಯ ಮೇಲಿನ ವಿಳಾಸ ಆಕೆಗೆ ಬಾಯಿಪಾಠವಾಗಿತ್ತು. ಶಾಲೆ ಹಿಂದಿನ ರಸ್ತೆ. ಹಸಿರು ಗೇಟು. ಮೇಲ್ಮನೆ. ರಫೂ.

ಮನೆ ನಂಬರಿಲ್ಲ, ಹೆಸರಿಲ್ಲ. ಯಾರೂ ವಿಳಾಸವನ್ನು ಹೀಗೆ ತಲೆಕೆಳಗಾಗಿ ಬರೆಯುವುದಿಲ್ಲ. ಆದರೂ ಓದಿದಾಗಲೆಲ್ಲ ಎಲ್ಲೋ ಕಂಡಿದ್ದ ಹಾಗೆ, ಹಳೆಯ ಗುರುತಿನವರು ಬೀದಿಯಲ್ಲಿ ಎದುರಾಗಿ ಹೆಸರು ಮಾತ್ರ ನಾಲಿಗೆಗೆ ಬಾರದ ಹಾಗೆ ಆಗುತ್ತಿತ್ತು.

ದೊಡ್ಡ ತಮಾಷೆ ಗೇಟಿನದು. ರಫೂವಿನವಳ ಮನೆಯ ಗೇಟು ನೀಲಿ. ಅನುಮಾನಕ್ಕೆ ಎಡೆಯಿಲ್ಲದ, ಬರೆಯುವ ಶಾಯಿಯ ನೀಲಿ. ಹಸಿರು ಗೇಟು ಇರುವುದು ಎದುರುಮನೆಗೆ, ಆ ಮನೆಗೆ ಮೇಲ್ಮನೆಯೇ ಇಲ್ಲ. ಅಂಚೆಯವನು ಹಸಿರು ಗೇಟಿನೊಳಗೆ ಲಕೋಟೆ ಹಾಕಿ ಹೋಗಿದ್ದ. ಅಲ್ಲಿ ಒಬ್ಬರೇ ಇರುವ ಕುಂಡದ ತಾತ ವಿಳಾಸ ಓದಿ, ಮೇಲ್ಮನೆ ಮತ್ತು ರಫೂ ಎರಡನ್ನೂ ಕೂಡಿಸಿ, ರಸ್ತೆ ದಾಟಿ ತಂದು ಕೊಟ್ಟಿದ್ದರು.

ಅಂದರೆ ಕಳಿಸಿದವನು ಈ ಬೀದಿಯನ್ನು ಕಂಡಿಲ್ಲ. ಕಂಡ ಇನ್ಯಾರೋ ಅವನಿಗೆ ಹೇಳಿದ್ದಾರೆ. ಆ ಇನ್ಯಾರೋ ನೀಲಿಯನ್ನು ಹಸಿರು ಎನ್ನುವವರು.

ತಾತ ಗೇಟಿನ ಪಕ್ಕದಲ್ಲೇ ಕುಂಡಗಳಿಗೆ ನೀರು ಹಾಕುತ್ತಿದ್ದರು. ಎಂಬತ್ತರ ಮುದಿ ಜೀವ. ದಿನಕ್ಕೆ ನಾಲ್ಕು ಜನರ ಜೊತೆ ಮಾತಾಡಿದರೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದು ನಂಬಿದವರು.

“ಮೇಲ್ಮನೆಯವರಿಗೆ ಬೇರೆ ಕಾಗದ ಏನಾದ್ರೂ ಬಂತಾ ತಾತ?”

“ಇಲ್ಲಮ್ಮ. ಬಂದ್ರೆ ಕೊಡ್ದೆ ಇರ್ತೀನಾ? ಕಾಗದ ಬರಲಿ, ಜನ ಬರಲಿ, ಕೈಹಿಡಿದು ಆ ಮೆಟ್ಟಿಲ ತನಕ ಬಿಟ್ಟು ಬರ್ತೀನಿ. ಪಾಪ, ಯಾರೂ ಇಲ್ಲದವರ ಹಾಗೆ ಇರ್ತಾರೆ ತಾಯಿ ಮಗಳು. ಯಾರಾದ್ರೂ ಬಂದು ಹೋದ್ರೆ ಮನಸ್ಸಿಗೆ ಹಿತ.”

ಎಕ್ಸ್‌ಚೇಂಜಮ್ಮನ ಬಾಯಿ ತೆರೆಯಿತು. ಯಾರು ಬಂದು ಕೇಳಿದರೂ ತೋರಿಸಬೇಡಿ ಎನ್ನಬೇಕಿತ್ತು. ಹಾಗಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದು ಅವಳ ಕಥೆ, ಹೇಳುವುದಕ್ಕೆ ತಾನ್ಯಾರು? ಮೂವತ್ತೊಂದು ವರ್ಷದ ಅಭ್ಯಾಸ ಬಾಯನ್ನು ಮುಚ್ಚಿಸಿತು.

“ಒಳ್ಳೇದು ತಾತ,” ಎಂದಳು. ನೀಲಿ ಗೇಟು ತಳ್ಳಿಕೊಂಡು ಮೆಟ್ಟಿಲು ಹತ್ತಿದಳು.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಕಟ್ಟೆ. ಮಂಚದ ಕೆಳಗೆ ಎರಡು ಚೀಲ ಕಟ್ಟಿಟ್ಟಿತ್ತು. ಗೋಡೆಯ ಮೇಲಿನ ಮಗಳ ಚಿತ್ರಗಳನ್ನು ಮಾತ್ರ ಇನ್ನೂ ಕಿತ್ತಿರಲಿಲ್ಲ. ಬಿಸಿಲು, ಮನೆ, ಇಬ್ಬರು ಹುಡುಗಿಯರು ಕೈ ಹಿಡಿದು ನಿಂತದ್ದು.

“ಎರಡನೇ ಹುಡುಗಿ ಯಾರು?”

“ಪಕ್ಕದ ಬೆಂಚಿನವಳಂತೆ,” ಎಂದಳು ರಫೂವಿನವಳು. ಮೂವತ್ತನಾಲ್ಕರ ತೆಳ್ಳಗಿನ ಹೆಂಗಸು, ಮಾತಾಡುವಾಗಲೂ ಬೆರಳುಗಳು ಸೆರಗಿನ ಅಂಚಿನ ಎಳೆ ಎಣಿಸುತ್ತಿದ್ದವು. “ಹೋದ ವಾರ ಇಬ್ಬರೂ ಮೆಟ್ಟಿಲ ಮೇಲೆ ಕೂತು ಏನೋ ಹೇಳ್ಕೊಂಡು ಜೋರಾಗಿ ನಕ್ರು ಅಮ್ಮ. ನಾನು ಒಳಗಿಂದ ಓಡಿ ಬಂದೆ, ಯಾರ ಮನೆ ಮಗು ಅಂತ. ನನ್ನ ಮಗಳ ನಗು ನನಗೇ ಗುರುತು ಸಿಗ್ಲಿಲ್ಲ.”

ಎಕ್ಸ್‌ಚೇಂಜಮ್ಮ ನೀರು ಕೇಳಿ ಕುಡಿದಳು.

ಆಮೇಲೆ ಅಂಗಡಿಯ ವಿಷಯ ಹೇಳಿದಳು. ಫೋಟೋಗಳು, ಹಳೇಕೋಟು, ನಂಬರು. ಮಾಲೀಕ ಕಳಿಸಿದ್ದನ್ನು ತೋರಿಸಿದಳು. “ಇದರ ಬೆನ್ನು ತೋರಿಸಿ ನೋಡೋಣ” ಎಂಬ ಸಾಲು ಬಂದಾಗ ರಫೂವಿನವಳ ಬೆರಳು ಎಣಿಕೆ ನಿಲ್ಲಿಸಿತು.

“ಅವರದೇ ಮಾತು,” ಎಂದಳು. “ಹೊಲಿಗೆ ಅಂಗಡೀಲಿ ದಿನಾ ಸಂಜೆ ನನ್ನ ಕೆಲಸ ಎತ್ತಿ ಹಿಡಿದು ಹಾಗೇ ಅಂತಿದ್ರು. ಎಲ್ಲರ ಮುಂದೆ.”

“ಮಾಲೀಕ ಬೇಕಂತ ಮಾಡಿಲ್ಲ ಕಣಮ್ಮ. ಅಳ್ತಾ ಕೂತಿದಾನೆ.”

“ಗೊತ್ತು. ಒಳ್ಳೆಯವರು. ಆದ್ರೆ ಮನೆ ಅವರಿಗೂ ಗೊತ್ತಿಲ್ವಲ್ಲ. ಮನೆ ಹೇಳಿದವರು ಯಾರು?”

“ಯಾರ್‍ಯಾರಿಗೆ ಗೊತ್ತು ಇನ್ನೊಂದು ಸಲ ಹೇಳು.”

“ಶಾಲೇಲಿ ಬರೆಸಿಲ್ಲ. ನಂಬರ್ ಮಾತ್ರ ಕೊಟ್ಟಿದೀನಿ. ಕೆಳಗಿನ ಮನೆಯವರು ಊರಲ್ಲೇ ಇರಲ್ಲ. ತಾತ. ಆ ಪಕ್ಕದ ಬೆಂಚಿನ ಪುಟ್ಟ ಹುಡುಗಿ. ಮತ್ತೆ ನೀವು.” ಅವಳು ಎಕ್ಸ್‌ಚೇಂಜಮ್ಮನ ಕೈ ಹಿಡಿದುಕೊಂಡಳು. “ನಿಮ್ಮನ್ನ ಲೆಕ್ಕಕ್ಕೆ ಹಿಡೀಬಾರದು ಬಿಡಿ. ಈ ಲೋಕದಲ್ಲಿ ಬಾಯಿ ಬಿಡದವರು ಅಂತ ಇದ್ರೆ ನೀವೊಬ್ರೆ. ಒಂದು ತೂತು ಸಿಕ್ಕಿದೆ ಅಮ್ಮ, ಸರಿ. ಇನ್ನೊಂದು ಬಿಟ್ರೆ ಬಟ್ಟೆ ನಿಲ್ಲಲ್ಲ. ಅದು ಎಲ್ಲಿದೆ ಅಂತ ಗೊತ್ತಾಗದೆ ನಾನು ಮಗೂನ ಇಲ್ಲಿ ಮಲಗಿಸಲಾರೆ.”

“ಆರು ಗಂಟೆ ತನಕ ಟೈಮಿದೆ,” ಎಂದಳು ಎಕ್ಸ್‌ಚೇಂಜಮ್ಮ. “ಬಾಗಿಲು ಹಾಕ್ಕೊ.”

*

ಅಳಿಯನ ಫೋನ್ ರಿಪೇರಿ ಅಂಗಡಿ ಎರಡು ಬೀದಿ ಆಚೆ. ಆಳೆತ್ತರದ ಗೂಡು, ಒಬ್ಬ ಒಳಗೆ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕು. ಅತ್ತೆ ಬಂದದ್ದು ಕಂಡು ಅವನು ಎದ್ದು ಸ್ಟೂಲು ಬಿಟ್ಟುಕೊಟ್ಟ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯಲು ಮರೆತಿದ್ದ.

“ಅಳಿಯಂದಿರೇ, ಒಂದು ನಂಬರ್ ಕೈಲಿದ್ರೆ ಮನೆ ಹುಡುಕಬಹುದಾ?”

“ನಂಬರಿಂದ ನೇರವಾಗಿ ಆಗಲ್ಲ ಅತ್ತೆ. ಕಂಪನಿಯವರು ಕೊಡಲ್ಲ.” ಅವನು ಯೋಚಿಸಿದ. “ಹೆಸರು ಬೇಕಾದ್ರೆ ಸಿಗುತ್ತೆ. ಗೊತ್ತಿಲ್ಲದ ಫೋನ್ ಬಂದಾಗ ಯಾರದು ಅಂತ ತೋರಿಸೋ ಆಪ್ ಇದೆಯಲ್ಲ. ನಿಮ್ಮ ಫೋನಲ್ಲೂ ಇದೆ.”

“ಹೌದು, ಹಾಕಿದೀನಿ. ಅನುಕೂಲ ಇದೆ.”

“ಅದರಲ್ಲಿ ನೋಡೋಣ. ನಂಬರ್ ಹೇಳಿ.”

ಎಕ್ಸ್‌ಚೇಂಜಮ್ಮ ರಫೂವಿನವಳ ನಂಬರು ಹೇಳಿದಳು. ಅಂಕಿಗಳನ್ನು ಹೇಳುವಾಗ ಆಕೆಗೆ ಪುಸ್ತಕ ಬೇಕಾಗುತ್ತಿರಲಿಲ್ಲ. ಅಳಿಯ ಅಂಗಡಿಯ ಬೇರೊಂದು ಫೋನಿನಲ್ಲಿ ಆ ಆಪ್ ತೆರೆದು ಒತ್ತಿದ. ಚಕ್ರ ಒಂದು ಸುತ್ತು ತಿರುಗಿತು.

ಅವನು ಪರದೆ ನೋಡಿದ. ಅತ್ತೆಯನ್ನು ನೋಡಿದ. ಮತ್ತೆ ಪರದೆ ನೋಡಿದ.

“ಏನಂತೆ?”

“ನೀವೇ ಓದಿ ಅತ್ತೆ.”

ಹೊಸ ಕಣ್ಣಿಗೆ ಅಕ್ಷರಗಳು ಕಡೆದಿಟ್ಟ ಹಾಗೆ ಕಂಡವು. *ಶಾಲೆ ಹಿಂದಿನ ರಸ್ತೆ ಹಸಿರು ಗೇಟು ಮೇಲ್ಮನೆ ರಫೂ.*

“ಯಾರು ಬರೆದ್ರು ಇದನ್ನ?” ಎಂದಳು. ಆದರೆ ಕೇಳುವ ಹೊತ್ತಿಗೇ ಆಕೆಗೆ ಉತ್ತರ ಗೊತ್ತಿತ್ತು.

ಎಕ್ಸ್‌ಚೇಂಜಿನಲ್ಲಿ ಪ್ರತಿ ನಂಬರಿಗೂ ಒಂದು ಕಾರ್ಡಿರುತ್ತಿತ್ತು. ಮೊದಲು ರಸ್ತೆ, ಆಮೇಲೆ ಮನೆಯ ಗುರುತು, ಕೊನೆಗೆ ಆಸಾಮಿ. ಲೈನು ಕೆಟ್ಟರೆ ಲೈನ್‌ಮನ್ ಹೋಗಬೇಕಾದದ್ದು ಮನೆಗೆ, ಮನುಷ್ಯನಿಗಲ್ಲ. ಅದಕ್ಕೇ ಹೆಸರು ಕೊನೆಗೆ. ಕೆಲಸ ಬಿಟ್ಟು ಹತ್ತು ವರ್ಷವಾದರೂ ಆಕೆ ಫೋನಿನಲ್ಲಿ ನಂಬರು ಬರೆದಿಡುತ್ತಿದ್ದದ್ದು ಹಾಗೆಯೇ. ಆ ಕಾರ್ಡುಗಳು ಬೀಗ ಹಾಕಿದ ಬೀರುವಿನಲ್ಲಿರುತ್ತಿದ್ದವು, ಕೀಲಿ ಆಕೆಯ ಸೊಂಟದಲ್ಲಿರುತ್ತಿತ್ತು.

“ಆ ಆಪ್ ಹಾಕಿಕೊಂಡವರ ಫೋನಲ್ಲಿ ಏನೇನು ಹೆಸರು ಇರುತ್ತೋ ಅದನ್ನೆಲ್ಲ ಅದು ತನ್ನ ಹತ್ರ ಒಯ್ಕೊಳ್ಳುತ್ತೆ,” ಎಂದ ಅಳಿಯ, ನೆಲ ನೋಡಿಕೊಂಡು. “ಬೇರೆ ಯಾರಾದ್ರೂ ಆ ನಂಬರ್ ಹುಡುಕಿದ್ರೆ, ನೀವು ಬರ್ಕೊಂಡಿದ್ದನ್ನೇ ಅವರಿಗೆ ತೋರಿಸುತ್ತೆ. ಹಾಕುವಾಗ ಒಪ್ಪಿಗೆ ಕೇಳಿರುತ್ತೆ ಅತ್ತೆ. ಸಣ್ಣ ಅಕ್ಷರದಲ್ಲಿ.”

“ಕೇಳಿತ್ತು. ನಾಲ್ಕು ಸಲ. ಕಣ್ಣು ಮಂಜಾಗಿತ್ತು, ಓದೋಕಾಗ್ಲಿಲ್ಲ. ಒಪ್ಪಿಗೆ ಒಪ್ಪಿಗೆ ಅಂತ ಒತ್ತಿದೆ.” ಆಕೆಯ ದನಿ ಎಲ್ಲಿಂದಲೋ ಬಂದ ಹಾಗಿತ್ತು. “ಆದ್ರೆ ಹಸಿರು ಗೇಟು ಅಂತ ನಾನ್ಯಾಕೆ ಬರೀಲಿ? ಅದು ನೀಲಿ. ಈಗಷ್ಟೇ ನೋಡ್ಕೊಂಡು ಬಂದೆ.”

ಅಳಿಯ ತನ್ನ ನೀಲಿ ಶರ್ಟನ್ನು ಎರಡು ಬೆರಳಿನಲ್ಲಿ ಹಿಡಿದು ತೋರಿಸಿದ. “ಆಪರೇಷನ್‌ಗೆ ಮೊದಲು ಇದನ್ನ ನೀವು ಹಸಿರು ಶರ್ಟು ಅಂತಿದ್ರಿ. ನಾನು ಎದುರು ಮಾತಾಡ್ಬಾರ್ದು ಅಂತ ಸುಮ್ಮನಿದ್ದೆ.”

ಎಕ್ಸ್‌ಚೇಂಜಮ್ಮ ಮಾಲೀಕನಿಗೆ ಹೇಳಿದ್ದ ಮಾತು ಒಂದೊಂದೇ ವಾಪಸು ಬಂದು ಮುಖಕ್ಕೆ ಹೊಡೆಯಿತು. ಒಬ್ಬರದು ಇನ್ನೊಬ್ಬರಿಗೆ ಕೇಳದೆ ಕೊಟ್ಟವಳಲ್ಲ. ಬಾಯಿ ಬಿಡದೆ ಬಾಳಿದವಳು ಬೆರಳಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಆ ಹುಡುಗಿಯ ನಗು ನೆನಪಾಗಿ ಆಕೆಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

“ಅತ್ತೆ,” ಎಂದ ಅಳಿಯ ಮೆಲ್ಲಗೆ, ಆಕೆಯ ಫೋನನ್ನು ಕೈಗೆತ್ತಿಕೊಂಡು. “ಹೀಗೇ ಬರೆದಿಟ್ಟಿರೋದು ಇನ್ನೂ ಎಷ್ಟಿದೆ?”

ಆಕೆಗೆ ಲೆಕ್ಕ ಗೊತ್ತಿತ್ತು. ನಲವತ್ತಮೂರು. ಅವರಲ್ಲಿ ಅರ್ಧಕ್ಕರ್ಧ ಜನ, ಯಾರಿಗೂ ಸಿಗದ ಹಾಗೆ ಇರಬೇಕೆಂದೇ ಆಕೆಯ ಹತ್ತಿರ ಬಂದವರು.

“ಎಲ್ಲ ತೆಗೀರಿ. ಈಗಲೇ. ಅಲ್ಲ, ತಡೀರಿ, ಮೊದಲು ಇದರ ಫೋಟೋ ಹಿಡೀರಿ, ವಕೀಲರಿಗೆ—”

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಅದೇ ಸಾಲು, ಹಸಿರು ಗೇಟು ಮೇಲ್ಮನೆ ರಫೂ. ಅಂಗಡಿಯ ಗಡಿಯಾರದಲ್ಲಿ ಮೂರೂ ಇಪ್ಪತ್ತು.

ಹೇಳಿಬಿಡಬೇಕು, ಸುತ್ತುಬಳಸದೆ ಹೇಳಿಬಿಡಬೇಕು ಎಂದುಕೊಂಡಳು ಎಕ್ಸ್‌ಚೇಂಜಮ್ಮ. ಮನೆ ಹೇಳಿದವಳು ನಾನೇ ಕಣಮ್ಮ. ಮಾತು ತುಟಿಯ ತನಕ ಬಂದಿತ್ತು.

ಆ ಕಡೆಯಿಂದ ಬಂದದ್ದು ಪಿಸುಮಾತು.

“ಅಮ್ಮ. ತಾತನ ಗೇಟಿನ ಹತ್ರ ಒಬ್ರು ನಿಂತಿದಾರೆ.”

“ಯಾರು?”

“ಬೆನ್ನು ಈ ಕಡೆಗಿದೆ. ಪರದೆ ಸಂದಿಯಿಂದ ನೋಡ್ತಿದೀನಿ. ಕೈಲಿ ಚೀಟಿ ಹಿಡ್ಕೊಂಡು ಗೇಟು ನೋಡ್ತಿದಾರೆ. ಕಂಬಿ ಮೇಲೆ ಕೈಯಾಡಿಸ್ತಿದಾರೆ.” ಉಸಿರು ಕಟ್ಟಿದ ಸದ್ದು. “ಎಡಗೈ ಅಮ್ಮ.”

ಎಕ್ಸ್‌ಚೇಂಜಮ್ಮ ಆಗಲೇ ಅಂಗಡಿಯಿಂದ ಇಳಿದಿದ್ದಳು. ಅಳಿಯ ಬಾಗಿಲೂ ಎಳೆಯದೆ ಹಿಂದೆ ಓಡಿ ಬಂದ. ಎರಡು ಬೀದಿ. ಆಕೆಯ ಕಾಲಿಗೆ ಹತ್ತು ನಿಮಿಷ.

“ಕೇಳಿಲ್ಲಿ. ಕಿಟಕಿಯಿಂದ ಹಿಂದೆ ಸರಿ. ಅವನಿಗೆ ನೀಲಿ ಗೇಟು ಗೊತ್ತಿಲ್ಲ. ಹಸಿರು ಅಂತಲೇ ಹುಡುಕ್ತಾನೆ. ಅಲ್ಲಿ ಯಾರೂ ಇಲ್ಲ ಅಂದ್ರೆ ವಾಪಸ್ ಹೋಗ್ತಾನೆ.”

“ಮೂರೂವರೆಗೆ ಶಾಲೆ ಬಿಡುತ್ತೆ ಅಮ್ಮ. ಇವಳು ಈ ರಸ್ತೇಲೇ ಬರ್ತಾಳೆ.”

“ನಾವು ಬರ್ತಿದೀವಿ. ಬರ್ತಿದೀವಿ ಕಣಮ್ಮ.”

ಫೋನಿನಲ್ಲಿ ದೂರದಿಂದ ಕಬ್ಬಿಣದ ಚಿಲಕದ ಸದ್ದು ಕೇಳಿಸಿತು. ಮತ್ತೆ ರಫೂವಿನವಳ ದನಿ, ಇನ್ನಷ್ಟು ಸಣ್ಣಗೆ.

“ತಾತ ಗೇಟು ತೆಗೆದ್ರು. ಚೀಟಿ ಓದ್ತಿದಾರೆ. ನಗ್ತಿದಾರೆ ಅಮ್ಮ. ನೀರಿನ ಚೊಂಬು ಕೆಳಗಿಟ್ಟು ಅವರ ಕೈ ಹಿಡ್ಕೊಂಡ್ರು.”